ಉಸಿರಿನ ಜೊತೆ 10 ನಿಮಿಷ

ವಿಜಯಪುರದ ಬೇಸಿಗೆಯಲ್ಲಿ ಬೆಳಿಗ್ಗೆ 6ರೊಳಗೆ ಧ್ಯಾನಕ್ಕೆ ಕೂತುಬಿಡಿ. ಬಿಸಿಲೇರಿದರೆ ಉಸಿರಿಗಿಂತ ಬೆವರೇ ಗಮನ ಸೆಳೆಯುತ್ತದೆ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂಡ್ರಿ. ಮೊಣಕಾಲು ಸೊಂಟಕ್ಕಿಂತ ಕೆಳಗಿರಲಿ, ಇಲ್ಲವಾದರೆ ಐದೇ ನಿಮಿಷಕ್ಕೆ ಬೆನ್ನು ಬಾಗುತ್ತದೆ. ನೆಲ ಆಗದವರಿಗೆ ಕುರ್ಚಿ ಸಾಕು.

ಮೊಬೈಲಿನಲ್ಲಿ 10 ನಿಮಿಷಕ್ಕೆ ಅಲಾರಾಂ ಇಟ್ಟು ದೂರವಿಡಿ. ಮೂಗಿನ ಹೊಳ್ಳೆಗೆ ತಾಗುವ ಗಾಳಿ ಗಮನಿಸಿ: ಒಳಬರುವಾಗ ತಂಪು, ಹೊರಹೋಗುವಾಗ ಬೆಚ್ಚಗೆ. ಉಸಿರನ್ನು ಎಳೆದು ಹಿಡಿಯಬೇಡಿ, ಇದು ಪ್ರಾಣಾಯಾಮವಲ್ಲ. ಉಸಿರುಗಳನ್ನು ಹತ್ತರವರೆಗೆ ಎಣಿಸಿ. ನಾಲ್ಕಕ್ಕೇ ಮನಸ್ಸು ಕಬ್ಬಿನ ಬಿಲ್ ಹಣಕ್ಕೋ ಮಗಳ ಪರೀಕ್ಷೆಗೋ ಓಡುತ್ತದೆ. ಓಡಲಿ. ‘ಚಿಂತೆ’ ಎಂದು ಒಳಗೇ ಹೆಸರಿಟ್ಟು ಮತ್ತೆ ಒಂದರಿಂದ ಶುರು ಮಾಡಿ. ಹೀಗೆ ಮರಳುವುದೇ ಅಭ್ಯಾಸ. ಮನಸ್ಸು ಖಾಲಿಯಾಗಲೇಬೇಕೆಂದು ಹಟ ಹಿಡಿದವರೇ ಬೇಗ ಬೇಸತ್ತು ಬಿಡುವುದು.

ಕೂಡ್ರಲಾಗದ ದಿನ ಊಟದಲ್ಲೇ ಮಾಡಿ. ಖಡಕ್ ರೊಟ್ಟಿ ಮುರಿಯುವ ಸದ್ದು, ಶೇಂಗಾ ಚಟ್ನಿಯ ಖಾರ ನಾಲಿಗೆಗೆ ಹತ್ತುವ ಬಗೆ: ಮೊದಲ ಐದು ತುತ್ತು ಇಷ್ಟನ್ನೇ ನೋಡಿ.

1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಆರಂಭಿಸಿದ ಇಂಥದೇ ಧ್ಯಾನದ ತರಬೇತಿ 8 ವಾರದ್ದು. ಆತಂಕ, ಒತ್ತಡ ತಗ್ಗಲು ಅಷ್ಟಾದರೂ ಸಮಯ ಕೊಡಿ. ಮನಸ್ಸಿಗೆ ಹಳೆಯ ಆಘಾತವಿದ್ದವರಿಗೆ ಕಣ್ಣು ಮುಚ್ಚಿದಾಗ ಎದೆಬಡಿತ ಹೆಚ್ಚಬಹುದು. ಆಗ ಕಣ್ಣು ತೆರೆದು, ಪಾದಗಳನ್ನು ನೆಲಕ್ಕೆ ಒತ್ತಿ. ವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸಬೇಡಿ. ನಿದ್ದೆಯೇ ಹತ್ತದಷ್ಟು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.