ಕೆಲಸ ಹೋದರೂ ಒಲೆ ಆರಬಾರದು: ಫುಡ್ ಪ್ಯಾಂಟ್ರಿ ಬಗ್ಗೆ ಹೊಸಬರಿಗೆ

ಅಮೆರಿಕಕ್ಕೆ ಬಂದ ನಮ್ಮವರ ಮನೆಯಲ್ಲಿ ದುಡ್ಡಿನ ತೊಂದರೆ ಮೊದಲು ಕಾಣುವುದು ಫ್ರಿಜ್ಜಿನಲ್ಲಿ. ಬಾಡಿಗೆ ತಪ್ಪಿಸುವ ಹಾಗಿಲ್ಲ, ಕಾರಿನ ಕಂತು ತಪ್ಪಿಸುವ ಹಾಗಿಲ್ಲ. ಹಾಗಾಗಿ ಹಣ್ಣು ನಿಲ್ಲುತ್ತದೆ, ಆಮೇಲೆ ತರಕಾರಿ, ಆಮೇಲೆ ದೊಡ್ಡವರ ರಾತ್ರಿ ಊಟ. ಊರಿಗೆ ಫೋನ್ ಮಾಡಿದಾಗ ಮಾತ್ರ "ಎಲ್ಲ ಚೆನ್ನಾಗಿದೆ ಅಮ್ಮ" ಅನ್ನುತ್ತೇವೆ. ನಾನು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿ ತುಂಬ ವರ್ಷವಾಯಿತು. ಇಲ್ಲಿನ ಒಂದು ಫುಡ್ ಪ್ಯಾಂಟ್ರಿಯಲ್ಲಿ, ಅಂದರೆ ಕಷ್ಟದಲ್ಲಿರುವವರಿಗೆ ದಿನಸಿಯನ್ನು ಉಚಿತವಾಗಿ ಹಂಚುವ ಜಾಗದಲ್ಲಿ, ಶನಿವಾರ ಕೆಲಸ ಮಾಡುತ್ತೇನೆ. ನಮ್ಮ ಜನ ಅಲ್ಲಿಗೆ ಬರುವುದೇ ಕಡಿಮೆ. ಬಂದರೂ ಉಳಿತಾಯವೆಲ್ಲ ಕರಗಿ, ಕ್ರೆಡಿಟ್ ಕಾರ್ಡ್ ತುಂಬಿದ ಮೇಲೆ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಆಹಾರ ಎಲ್ಲಿಂದ ಬರುತ್ತದೆ ಅಂತ ತಿಳಿಯಿರಿ. ಅದು ಗೊತ್ತಾದರೆ ಅರ್ಧ ಸಂಕೋಚ ಹೋಗುತ್ತದೆ.

1980ರ ಸುಮಾರಿಗೆ ಇಲ್ಲಿನ ಸರ್ಕಾರದ ಗೋದಾಮುಗಳಲ್ಲಿ ಚೀಸ್ ಬೆಟ್ಟದಷ್ಟು ಬಿದ್ದಿತ್ತು. ಹಾಲಿನ ಬೆಲೆ ಕುಸಿಯದಿರಲಿ ಅಂತ ಸರ್ಕಾರವೇ ಕೊಂಡು ಇಟ್ಟಿದ್ದ ಚೀಸ್ ಅದು. ಇನ್ನೊಂದು ಕಡೆ ಜನ ಕೆಲಸ ಕಳೆದುಕೊಂಡು ಹಸಿದಿದ್ದರು. 1981ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ 3 ಕೋಟಿ ಪೌಂಡ್ ಚೀಸ್ ಹಂಚಲು ಒಪ್ಪಿದರು. 1983ರಲ್ಲಿ ಅದಕ್ಕೊಂದು ಕಾನೂನು ಬಂತು. ಅಂದು ತಾತ್ಕಾಲಿಕ ಅಂತ ಶುರುವಾದ ಯೋಜನೆ ಈಗಲೂ ನಡೆಯುತ್ತಿದೆ. ಇದನ್ನು ಟೀಫ್ಯಾಪ್ ಅನ್ನುತ್ತಾರೆ. ಕೇಂದ್ರದ ಕೃಷಿ ಇಲಾಖೆ, ಅಂದರೆ ಯುಎಸ್‌ಡಿಎ, ಅಮೆರಿಕದ ರೈತರು ಬೆಳೆದ ಆಹಾರವನ್ನು ಕೊಳ್ಳುತ್ತದೆ. ಯಾವ ರಾಜ್ಯದಲ್ಲಿ ಎಷ್ಟು ಬಡವರಿದ್ದಾರೆ, ಎಷ್ಟು ನಿರುದ್ಯೋಗಿಗಳಿದ್ದಾರೆ ಅಂತ ನೋಡಿ ಪಾಲು ಮಾಡುತ್ತದೆ. ರಾಜ್ಯದಿಂದ ಅದು ಫುಡ್ ಬ್ಯಾಂಕಿಗೆ, ಅಂದರೆ ಆಹಾರ ಸಂಗ್ರಹಿಸಿ ಪ್ಯಾಂಟ್ರಿಗಳಿಗೆ ಕಳಿಸುವ ದೊಡ್ಡ ಸಂಸ್ಥೆಗೆ ಬರುತ್ತದೆ. ನಮ್ಮ ಕಡೆ ಅದು ಸೆಕೆಂಡ್ ಹಾರ್ವೆಸ್ಟ್ ಆಫ್ ಸಿಲಿಕಾನ್ ವ್ಯಾಲಿ. 1974ರಿಂದ ನಡೆಯುತ್ತಿರುವ ಸಂಸ್ಥೆ. ಅಲ್ಲಿಂದ ಚರ್ಚು, ಶಾಲೆ, ಸಮುದಾಯ ಭವನಗಳಲ್ಲಿರುವ ಸಣ್ಣ ಸಣ್ಣ ಪ್ಯಾಂಟ್ರಿಗಳಿಗೆ ಲಾರಿ ಹೋಗುತ್ತದೆ. ಅಂಗಡಿಗಳು, ರೈತರು ಕೊಟ್ಟ ತರಕಾರಿ, ಬ್ರೆಡ್ಡು ಕೂಡ ಅದೇ ಲಾರಿಯಲ್ಲಿ ಬರುತ್ತವೆ.

ಸರ್ಕಾರದ ಧಾನ್ಯ, ಹಂಚುವುದು ಮಾತ್ರ ಸೇವಾ ಸಂಸ್ಥೆ. ಇದು ನಮಗೆ ಹೊಸದೇನೂ ಅಲ್ಲ. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷಯ ಪಾತ್ರೆ ಶಾಲೆಗಳಿಗೆ ಬಿಸಿಯೂಟ ಕಳಿಸುವುದೂ ಸರ್ಕಾರದ ಅಕ್ಕಿಯಿಂದಲೇ ಅಲ್ವಾ? ಆ ಊಟ ಮಾಡಿದ ಮಕ್ಕಳನ್ನು ನಾವು ಯಾರೂ ಕೀಳಾಗಿ ನೋಡುವುದಿಲ್ಲ. ಇಲ್ಲಿ ನಾವು ಕಟ್ಟುವ ತೆರಿಗೆಯ ಒಂದು ಪಾಲು ಇದಕ್ಕೂ ಹೋಗುತ್ತದೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರೂ ಕಟ್ಟುತ್ತಾರೆ.

ಊರಿನ ರೇಷನ್ ಅಂಗಡಿಯ ಅಭ್ಯಾಸ ಇರುವವರು ಕಾರ್ಡು, ಬೆರಳಚ್ಚು, ಶಿಫಾರಸು ಪತ್ರ ಅಂತೆಲ್ಲ ಕೇಳುತ್ತಾರೆ. ಅಷ್ಟೆಲ್ಲ ಇಲ್ಲ. ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ, ವರಮಾನ ಮಿತಿಯೊಳಗೆ ಇದೆ ಅಂತ ಒಂದು ಸಹಿ, ಮುಗಿಯಿತು. ಸಾಮಾನ್ಯವಾಗಿ ಪೇ ಸ್ಲಿಪ್ ಕೇಳುವುದಿಲ್ಲ. ಮಿತಿಯನ್ನು ಆಯಾ ರಾಜ್ಯ ಗೊತ್ತು ಮಾಡುತ್ತದೆ, ಮನೆಯ ಜನ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಹತ್ತಿರದ ಪ್ಯಾಂಟ್ರಿ ಗೊತ್ತಿಲ್ಲದಿದ್ದರೆ 211ಕ್ಕೆ ಫೋನ್ ಮಾಡಿ.

ಆ ಸಹಿಯ ಬಗ್ಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲ್ಲಿ ಕೇಳುವುದು ಈಗಿನ ವರಮಾನ. ಹೋದ ವರ್ಷ ದೊಡ್ಡ ಸಂಬಳ ಇತ್ತು ಅಂತ ಹಿಂಜರಿಯಬೇಡಿ. ಕೆಲಸ ಹೋದರೆ ಎಚ್-1ಬಿಯವರಿಗೆ ಇಲ್ಲೇ ಇದ್ದು ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ ಇರುತ್ತದೆ. ಆ ದಿನಗಳಲ್ಲಿ ಅರೆಹೊಟ್ಟೆಯಲ್ಲಿ ಇಂಟರ್‌ವ್ಯೂಗೆ ಕೂರುವುದರಲ್ಲಿ ಯಾವ ಮರ್ಯಾದೆಯೂ ಇಲ್ಲ. ಆದರೆ ಸಂಬಳ ಚೆನ್ನಾಗಿ ಬರುತ್ತಿರುವಾಗ, ಪುಕ್ಕಟೆ ಸಿಗುತ್ತದೆ, ದುಡ್ಡು ಉಳಿಯುತ್ತದೆ ಅಂತ ಸಹಿ ಹಾಕುವುದು ಸುಳ್ಳು ಸಹಿ. ಅದು ಪಕ್ಕದಲ್ಲಿ ನಿಂತ ಅಜ್ಜಿಯ ತಟ್ಟೆಯಿಂದ ತೆಗೆದ ಹಾಗೆ. 2025ರಲ್ಲಿ ಕೃಷಿ ಇಲಾಖೆ ಫುಡ್ ಬ್ಯಾಂಕುಗಳಿಗೆ ಹೋಗಬೇಕಿದ್ದ ಸುಮಾರು 50 ಕೋಟಿ ಡಾಲರ್ ಬೆಲೆಯ ಸರಬರಾಜನ್ನು ರದ್ದು ಮಾಡಿತು. ಅಂಥ ಕಾಲದಲ್ಲಿ ಒಂದೊಂದು ಡಬ್ಬಿಯೂ ಯಾರದೋ ಊಟ.

ಸೊಸೆಯ ಬಾಣಂತನಕ್ಕೆ ಅಂತ ಟೂರಿಸ್ಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಸಾಲಿನಲ್ಲಿ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಮಗ ಕಾರಿನಲ್ಲೇ ಕೂತಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಅವರನ್ನು ಸಾಕುತ್ತೇವೆ ಅಂತ ಬರೆದುಕೊಟ್ಟು ಕರೆಸಿಕೊಂಡವರು ನಾವು. ಇಲ್ಲೇ ನೆಲೆಸಿದ, ವರಮಾನ ಇಲ್ಲದ ಹಿರಿಯರ ಮಾತು ಬೇರೆ. 60 ದಾಟಿದ ಬಡವರಿಗೆ ಸರ್ಕಾರದ್ದೇ ಇನ್ನೊಂದು ಯೋಜನೆಯಲ್ಲಿ ತಿಂಗಳಿಗೊಂದು ಆಹಾರದ ಪೆಟ್ಟಿಗೆ ಸಿಗುತ್ತದೆ. ಅದನ್ನು ಕೇಳಿ ಪಡೆಯಿರಿ.

ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸರ್ಕಾರಕ್ಕೆ ಹೊರೆಯಾಗಬಹುದು ಅನ್ನಿಸಿದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಲು ಪಬ್ಲಿಕ್ ಚಾರ್ಜ್ ಅಂತ ಒಂದು ನಿಯಮ ಇದೆ. 2022ರ ಆ ನಿಯಮದಲ್ಲಿ ಇಂಥ ಆಹಾರದ ನೆರವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ವಲಸೆಯ ನಿಯಮಗಳು ಸರ್ಕಾರದ ಜೊತೆ ಬದಲಾಗುತ್ತವೆ. ಅರ್ಜಿ ಹಾಕಿದವರು ತಮ್ಮ ವಕೀಲರನ್ನು ಒಂದು ಮಾತು ಕೇಳಿಬಿಡಿ. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ಇನ್ನು ಅಡಿಗೆಯ ವಿಷಯ. ನಮ್ಮವರು ಒಮ್ಮೆ ಬಂದು ಮತ್ತೆ ಬಾರದಿರುವುದಕ್ಕೆ ದೊಡ್ಡ ಕಾರಣ ಇದೇ. ಚೀಲ ತೆರೆದರೆ ಹಂದಿ ಮಾಂಸದ ಡಬ್ಬಿ, ಹೆಸರೇ ಗೊತ್ತಿಲ್ಲದ ಕಾಳು. ಬೇಡವಾದದ್ದನ್ನು ಮೇಜಿನ ಹತ್ತಿರವೇ "ಬೇಡ" ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅದು ಇನ್ನೊಬ್ಬರಿಗೆ ಹೋಗುತ್ತದೆ. ಸುಮ್ನೆ ತೆಗೆದುಕೊಂಡು ಪಾರ್ಕಿಂಗ್ ಜಾಗದ ಕಸದ ಡಬ್ಬಿಗೆ ಹಾಕಿ ಹೋಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅನ್ನವನ್ನು ಕಣ್ಣಿಗೆ ಒತ್ತಿಕೊಂಡು ಬೆಳೆದವರು ನಾವು.

ಸಸ್ಯಾಹಾರಿಗಳು ಡಬ್ಬಿಯ ಚೀಟಿ ಓದಲೇಬೇಕು. ರಿಫ್ರೈಡ್ ಬೀನ್ಸ್‌ನಲ್ಲಿ ಲಾರ್ಡ್ ಅಂತ ಇದ್ದರೆ ಅದು ಹಂದಿ ಕೊಬ್ಬು. ತರಕಾರಿ ಸೂಪಿನಲ್ಲೂ ಕೆಲವು ಸಲ ಚಿಕನ್ ಬ್ರಾತ್ ಇರುತ್ತದೆ. ಜೆಲಟಿನ್ ಕೂಡ ಪ್ರಾಣಿಯದೇ. ಉಳಿದದ್ದು ಬೇಕಾದಷ್ಟಿದೆ. ಪಿಂಟೋ ಬೀನ್ಸ್ ರಾಜ್ಮಾ ಜಾತಿಯದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರೆ ಹುಳಿಗೂ ಸೈ, ಗುಗ್ಗರಿಗೂ ಸೈ. ಕಟ್ಟು ಬಸಿದು ಬಸ್ಸಾರು ಮಾಡಿದರೆ ಅವರೆಕಾಳು ನೆನಪಾಗುತ್ತದೆ, ಆದರೆ ಅವರೆಯ ಸೊಗಡು ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕೆಂಪು ಕಿಡ್ನಿ ಬೀನ್ಸ್ ಅರೆಬೆಂದರೆ ಹೊಟ್ಟೆ ಕೆಡುತ್ತದೆ, ಚೆನ್ನಾಗಿ ಕುದಿಸಿ. ಸ್ಪ್ಲಿಟ್ ಪೀಸ್ ಅಂದರೆ ಬಟಾಣಿ ಬೇಳೆ. ತೊಗರಿಬೇಳೆ ಮುಗಿದ ದಿನ ಸಾರಿಗೆ ಅದೇ ಆಧಾರ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ರವೆ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಒಳ್ಳೆಯ ಉಪ್ಪಿಟ್ಟು. ಫ್ರಿಜ್ಜಿಲ್ಲದೆ ಇಡುವ ಪೆಟ್ಟಿಗೆ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ, ಸ್ವಲ್ಪ ತೆಳ್ಳಗೆ. ಡಬ್ಬಿ ತರಕಾರಿಯನ್ನು ಒಮ್ಮೆ ತೊಳೆಯಿರಿ, ಉಪ್ಪು ಇಳಿಯುತ್ತದೆ. 'ಬೆಸ್ಟ್ ಬೈ' ತಾರೀಕು ರುಚಿಯ ಮಾತು. ಅದು ದಾಟಿದ ತಕ್ಷಣ ಆಹಾರ ವಿಷವಾಗುವುದಿಲ್ಲ. ಕೂಸಿನ ಹಾಲಿನಪುಡಿಗೆ ಮಾತ್ರ ತಾರೀಕನ್ನು ಕಟ್ಟುನಿಟ್ಟಾಗಿ ನೋಡಬೇಕು.

ಸರ್ಕಾರದ ಆಹಾರಕ್ಕೆ ಬದಲಾಗಿ ಯಾರೂ ದುಡ್ಡು ಕೇಳುವಂತಿಲ್ಲ, ದೇಣಿಗೆ ಕೇಳುವಂತಿಲ್ಲ. ಚರ್ಚಿನಲ್ಲಿ ಹಂಚಿದರೂ ಪ್ರಾರ್ಥನೆಗೆ ಕೂರಲೇಬೇಕು ಅನ್ನುವಂತಿಲ್ಲ. ಇದು ಕೇಂದ್ರದ ನಿಯಮ. ಹೋಗಲು ಆಗದ ದಿನ ಬೇರೆಯವರನ್ನು ಕಳಿಸುವ ಏರ್ಪಾಡೂ ಹೆಚ್ಚಿನ ಕಡೆ ಇದೆ.

ಮಕ್ಕಳಿಂದ ಇದನ್ನು ಮುಚ್ಚಿಡಬೇಕಾ? ನನ್ನ ಉತ್ತರ, ಬೇಡ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ. ಇಂಜಿನಿಯರ್ ಮಗುವೂ ತೋಟದ ಕೂಲಿಯವರ ಮಗುವೂ ಒಂದೇ ಮೇಜಿನಲ್ಲಿ ತಿನ್ನುತ್ತವೆ. ಅವಕ್ಕೆ ನಾಚಿಕೆ ಇಲ್ಲ. ನಾಚಿಕೆ ಇರುವುದು ನಮಗೆ. ಅದು ಎಲ್ಲಿಂದ ಬಂತು ಅಂತ ನಾನು ತುಂಬ ಯೋಚಿಸಿದ್ದೇನೆ. ಊರಿನಲ್ಲಿ ಸಕ್ಕರೆ ಮುಗಿದರೆ ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದೆವು. ಕೊಟ್ಟವರಿಗೆ ಅದು ದಾನ ಅಲ್ಲ, ಇಸಕೊಂಡವರಿಗೆ ಅವಮಾನ ಅಲ್ಲ. ಇಲ್ಲಿ ಅಕ್ಕಪಕ್ಕ ನಾಲ್ಕು ಕನ್ನಡ ಮನೆ ಇದ್ದರೂ ಯಾರ ಅಡಿಗೆಮನೆಯ ಸ್ಥಿತಿ ಯಾರಿಗೂ ಗೊತ್ತಿಲ್ಲ. ಯುಗಾದಿ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಉಟ್ಟು ಬಂದು, ಹೋಳಿಗೆ ಊಟದ ಟಿಕೆಟ್ ಕೊಳ್ಳಲು ಆಗದೆ "ಮಗುವಿಗೆ ಜ್ವರ" ಅಂತ ಬೇಗ ಎದ್ದು ಹೋದ ಹೆಣ್ಣುಮಗಳು ನನಗೆ ಗೊತ್ತು. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ.

ಹಾಗಾಗಿ ಹಳಬರಲ್ಲೂ ಒಂದು ಕೋರಿಕೆ. ನಮ್ಮ ಮಕ್ಕಳು ಕಾಲೇಜು ಅರ್ಜಿಗೆ ಸ್ವಯಂಸೇವೆಯ ಗಂಟೆ ಬೇಕು ಅಂತ ಫುಡ್ ಬ್ಯಾಂಕಿನಲ್ಲಿ ಡಬ್ಬಿ ಜೋಡಿಸುತ್ತಾರೆ, ಒಳ್ಳೆಯದೇ. ಅದರ ಜೊತೆಗೆ ಕನ್ನಡ ಕೂಟಗಳು ಪ್ಯಾಂಟ್ರಿಯ ದಿನ, ಜಾಗವನ್ನು ಕಾರ್ಯಕ್ರಮದ ಕರಪತ್ರದಲ್ಲೇ ಹಾಕಲಿ. ಯಾರೂ ಕೈ ಎತ್ತಿ ಕೇಳಬೇಕಾಗಿಲ್ಲ. ನಮ್ಮ ಪ್ಯಾಂಟ್ರಿಗೆ ಇಂಗ್ಲಿಷ್ ಬಾರದ ಕನ್ನಡದ ಹಿರಿಯರು ಬಂದಾಗ ಅರ್ಜಿ ಓದಿ ಹೇಳುವವರು ಬೇಕು. ಶನಿವಾರ ಬೆಳಿಗ್ಗೆ ಎರಡು ಗಂಟೆ ಬಿಡುವಿದ್ದವರು ನಿಮ್ಮ ಹತ್ತಿರದ ಪ್ಯಾಂಟ್ರಿಗೆ ಹೋಗಿ, ಕನ್ನಡ ಬರುತ್ತದೆ ಅಂತ ಹೆಸರು ಬರೆಸಿ.