ಡೈಮಂಡ್ ಪೇಂಟಿಂಗ್: ನನ್ನ ಮೊದಲ ಕ್ಯಾನ್ವಾಸಿನ ಅನುಭವ

ಸಾಗರದಲ್ಲಿ ಮಳೆ ಹಿಡಿದು ಕೂತ ಜೂನ್ ತಿಂಗಳೊಂದರಲ್ಲಿ ನಾನು ಡೈಮಂಡ್ ಪೇಂಟಿಂಗ್ ಆರಂಭಿಸಿದೆ. ಹೆಸರಿನಲ್ಲಿ ವಜ್ರವಿದ್ದರೂ ಕೈಗೆ ಬರುವುದು ರೆಸಿನ್‌ನಿಂದ ಮಾಡಿದ ಸಾಸಿವೆಗಿಂತ ತುಸು ದೊಡ್ಡ ಹರಳುಗಳು. ಇವುಗಳನ್ನು ಡ್ರಿಲ್ ಎನ್ನುತ್ತಾರೆ. ಅಂಟು ಸವರಿದ ಕ್ಯಾನ್ವಾಸಿನ ಮೇಲೆ ಮುದ್ರಿಸಿರುವ ಸಂಕೇತಗಳನ್ನು ನೋಡಿಕೊಂಡು, ಆಯಾ ಬಣ್ಣದ ಹರಳನ್ನು ಆಯಾ ಮನೆಯಲ್ಲಿ ಕೂರಿಸುತ್ತಾ ಹೋದರೆ ಚಿತ್ರ ಮೂಡುತ್ತದೆ. ಎಳೆ ಎಣಿಸಿ ಕಸೂತಿ ಹಾಕಿ ಅಭ್ಯಾಸವಿದ್ದ ನನಗೆ ಈ ಲೆಕ್ಕಾಚಾರ ಹೊಸದೆನಿಸಲಿಲ್ಲ.

ಮೊದಲ ಕಿಟ್ ಕೊಳ್ಳುವಾಗ ಹರಳಿನ ಆಕಾರವನ್ನು ತೀರ್ಮಾನಿಸಬೇಕು. ಸುಮಾರು 2.8 ಮಿ.ಮೀ. ಅಗಲದ ದುಂಡು ಹರಳು ತುಸು ಓರೆಯಾಗಿ ಕೂತರೂ ಕಣ್ಣಿಗೆ ಬೀಳುವುದಿಲ್ಲ, ಆದರೆ ನಡುನಡುವೆ ಕ್ಯಾನ್ವಾಸ್ ಇಣುಕುತ್ತದೆ. 2.5 ಮಿ.ಮೀ.ನ ಚೌಕ ಹರಳು ಅಂಚಿಗೆ ಅಂಚು ಕೂಡಿ ಹೆಂಚು ಹಾಸಿದಂತೆ ಕಾಣುತ್ತದೆ, ಆದರೆ ಒಂದು ಸಾಲು ಸೊಟ್ಟಗಾದರೆ ಮುಂದಿನ ಸಾಲುಗಳೂ ಅದನ್ನೇ ಹಿಂಬಾಲಿಸುತ್ತವೆ. ನಾನು ಆರಿಸಿದ್ದು ಚೌಕ, 30×40 ಸೆಂ.ಮೀ. ಕ್ಯಾನ್ವಾಸ್. ಹೊಸಬರಿಗೆ ದುಂಡೇ ಸರಿಯೆಂದು ಈಗ ಅನ್ನಿಸುತ್ತದೆ.

ಚಿತ್ರದ ಆಯ್ಕೆಯಲ್ಲಿ ನಾನು ತಪ್ಪಿದೆ. ಗೋವುಗಳ ನಡುವೆ ಕೊಳಲೂದುತ್ತಿರುವ ಕೃಷ್ಣನ ಚಿತ್ರ ಡಬ್ಬಿಯ ಮೇಲೆ ಬಹಳ ಸ್ಪಷ್ಟವಾಗಿತ್ತು. ಆದರೆ ಕ್ಯಾನ್ವಾಸಿನ ಅಗಲಕ್ಕೆ 120, ಎತ್ತರಕ್ಕೆ 160, ಒಟ್ಟು 19,200 ಹರಳುಗಳಷ್ಟೇ ಹಿಡಿಯುತ್ತವೆ. ಮುಖದ ಅಗಲ 3 ಸೆಂ.ಮೀ. ಇದ್ದರೆ ಅದಕ್ಕೆ ಸಿಗುವುದು 12 ಹರಳು, ಕಣ್ಣಿಗೆ ಎರಡೋ ಮೂರೋ. ಹತ್ತಿರದಿಂದ ನೋಡಿದರೆ ಮುಖ ಇಂದಿಗೂ ಕಲಸಿದಂತೆಯೇ ಇದೆ. ಕೋಣೆಯ ಆಚೆ ಬದಿಗೆ ಹೋಗಿ ನಿಂತರೆ ಮಾತ್ರ ನೋಟ ಕೂಡಿಕೊಳ್ಳುತ್ತದೆ. ಸಣ್ಣ ಅಳತೆಗೆ ಒಂದೇ ದೊಡ್ಡ ಹೂವು ಅಥವಾ ಹಕ್ಕಿಯ ಚಿತ್ರ ಹೆಚ್ಚು ಒಪ್ಪುತ್ತದೆ.

ಕೆಲಸದ ಕ್ರಮ ಸರಳ. ಗೀರುಗಳಿರುವ ಟ್ರೇಗೆ ಒಂದು ಬಣ್ಣದ ಹರಳುಗಳನ್ನು ಸುರಿದು ಮೆಲ್ಲಗೆ ಅಲುಗಿಸಿದರೆ, ಅಕ್ಕಿ ಕೇರುವಾಗ ಕಾಳು ಸಾಲುಗೂಡುವಂತೆ ಅವು ಗೀರಿಗೆ ಇಳಿದು, ಹೊಳಪಿನ ಮುಖವನ್ನು ಮೇಲೆ ಮಾಡಿ ನಿಲ್ಲುತ್ತವೆ. ಪೆನ್ನಿನ ತುದಿಯನ್ನು ಕಿಟ್ಟಿನಲ್ಲಿರುವ ಗುಲಾಬಿ ಮೇಣಕ್ಕೆ ಒಮ್ಮೆ ಒತ್ತಿ, ಹರಳಿನ ಹೊಳಪಿನ ಮುಖಕ್ಕೆ ತಾಗಿಸಿ ಎತ್ತಿಕೊಂಡು, ಅದರ ಸಂಕೇತದ ಮೇಲೆ ಇಟ್ಟು ಒತ್ತಬೇಕು. ಚೌಕ ಹರಳು ನೆರೆಯ ಎರಡರ ನಡುವೆ ಇಳಿಯುವಾಗ ಸಣ್ಣದೊಂದು 'ಟಿಕ್' ಬೆರಳಿಗೇ ತಿಳಿಯುತ್ತದೆ. ಆ ಸದ್ದಿಗಾಗಿಯೇ ನಾನು ರಾತ್ರಿ ಊಟವಾದ ಮೇಲೆ ಮೇಜಿಗೆ ಮರಳುತ್ತಿದ್ದೆ. ಗಂಟೆಗೆ ಸುಮಾರು 400 ಹರಳುಗಳಂತೆ, ದಿನಕ್ಕೆ ಮುಕ್ಕಾಲು ಗಂಟೆಯೊಳಗಿನ ಕೆಲಸದಲ್ಲಿ, ಚಿತ್ರ ಮುಗಿಯಲು ಎರಡೂವರೆ ತಿಂಗಳು ಹಿಡಿಯಿತು.

ಆದರೆ ಈ ಹವ್ಯಾಸದಲ್ಲಿ ನಿಜವಾಗಿ ಕಾಪಾಡಿಕೊಳ್ಳಬೇಕಾದದ್ದು ಅಂಟನ್ನು. ಇಡೀ ಚಿತ್ರವನ್ನು ನೋಡುವ ಆಸೆಯಿಂದ ಮೊದಲ ದಿನವೇ ನಾನು ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಪೂರ್ತಿ ಎತ್ತಿ, ಮತ್ತೆ ಹಾಸುವಾಗ ಅದು ಸುಕ್ಕುಗಟ್ಟಿ, ಆ ಸುಕ್ಕುಗಳ ಸಂದಿಗೆ ಧೂಳೂ ಒಂದೆರಡು ಕೂದಲೂ ಸೇರಿಕೊಂಡವು. ಮಲೆನಾಡಿನ ತೇವವೂ ಕೂಡಿಕೊಂಡು, ವಾರ ಕಳೆಯುವಷ್ಟರಲ್ಲಿ ಬಲಮೂಲೆಯ ಅಂಟು ಹಿಡಿತ ಕಳೆದುಕೊಂಡು, ಇಟ್ಟ ಹರಳುಗಳು ಬೆರಳು ತಾಗಿದರೆ ಜಾರತೊಡಗಿದವು. ಕೊನೆಗೆ ಅವುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದು, ಆ ಮೂಲೆಗೆ ಬೇರೆ ಅಂಟು ತೆಳ್ಳಗೆ ಸವರಿ ಮತ್ತೆ ಕೂರಿಸಬೇಕಾಯಿತು. ಅಂದಿನಿಂದ ಸಿಲಿಕೋನ್ ಲೇಪದ ಬೇಕಿಂಗ್ ಪೇಪರನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ ಕ್ಯಾನ್ವಾಸಿನ ಮೇಲೆ ಹೊದಿಸಿಕೊಂಡು, ಕೆಲಸ ಮಾಡುವ ಜಾಗದ ತುಂಡೊಂದನ್ನು ಮಾತ್ರ ಎತ್ತುತ್ತೇನೆ.

ಒಂದು ತಿಳಿನೀಲಿ ಬಣ್ಣ ಮಧ್ಯದಲ್ಲೇ ಮುಗಿದುಹೋದಾಗ ಗಾಬರಿಯಾಗಿತ್ತು. ಹೆಚ್ಚಿನ ಕಿಟ್ಟುಗಳು 1746ರಲ್ಲಿ ಫ್ರಾನ್ಸಿನ ಮುಲೂಸ್ ಪಟ್ಟಣದಲ್ಲಿ ಆರಂಭವಾದ ಡಿಎಂಸಿ ಕಂಪನಿಯ ಕಸೂತಿ ದಾರದ ಬಣ್ಣಸಂಖ್ಯೆಗಳನ್ನೇ ಬಳಸುತ್ತವೆಂದು ಆಗ ಗೊತ್ತಾಯಿತು. ಅಲ್ಲಿ 310 ಎಂದರೆ ಕಪ್ಪು, ಇಲ್ಲಿಯೂ ಕಪ್ಪೇ. ಪೊಟ್ಟಣದ ಮೇಲಿನ ಸಂಖ್ಯೆ ಹಿಡಿದು ಅದೇ ನೀಲಿಯನ್ನು ಬಿಡಿಯಾಗಿ ತರಿಸಿಕೊಂಡೆ. ಆದ್ದರಿಂದ ಹರಳುಗಳನ್ನು ಡಬ್ಬಿಗೆ ಸುರಿಯುವ ಮುನ್ನ ಸಂಖ್ಯೆಯನ್ನು ಮುಚ್ಚಳದ ಮೇಲೆ ಬರೆದಿಡಬೇಕು. ಅಕ್ಕಪಕ್ಕದ ಎರಡು ಬೂದುಬಣ್ಣಗಳನ್ನು ರಾತ್ರಿಯ ದೀಪದಲ್ಲಿ ಗುರುತಿಸುವುದು ಬಹಳ ಕಷ್ಟ.

ಮುಗಿದ ದಿನ ಚಿತ್ರದ ಮೇಲೆ ಬೇಕಿಂಗ್ ಪೇಪರ್ ಹಾಸಿ ಲಟ್ಟಣಿಗೆಯಿಂದ ಒತ್ತಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಎರಡು ದಿನ ಬಿಟ್ಟೆ. ಚೌಕಟ್ಟಿಗೆ ಗಾಜು ಹಾಕಿಸಲಿಲ್ಲ, ಏಕೆಂದರೆ ಗಾಜಿನ ಹಿಂದೆ ಹರಳಿನ ಮಿನುಗು ಮಂಕಾಗುತ್ತದೆ. ಪಡಸಾಲೆಯಲ್ಲಿ ಅದನ್ನು ತೂಗುಹಾಕಿದ ಸಂಜೆ ಅತ್ತಿಗೆ ಬಂದು ಬಹಳ ಹೊತ್ತು ನೋಡಿ, ತಮಗೂ ಕಲಿಸಬೇಕೆಂದರು. ಅವರಿಗೆ ದುಂಡು ಹರಳಿನ, ಒಂದೇ ಒಂದು ಕಮಲವಿರುವ ಚಿಕ್ಕ ಕಿಟ್ ತರಿಸಿ, ಹೊದಿಕೆಯ ಹಾಳೆಯನ್ನು ಅಂಗೈಯಗಲದಷ್ಟೇ ನಾನೇ ಎತ್ತಿಕೊಟ್ಟೆ.