ಹೊಲದಲ್ಲಿ ಉಳಿದ ತರಕಾರಿ, ಹಸಿದ ಮನೆಗಳು: ನಡುವಿನ ಕೆಲಸದ ನನ್ನ ಅನುಭವ

ಊಟಕ್ಕೆ ಕಷ್ಟ ಇರುವ ಮನೆಗಳಿಗೆ ತರಕಾರಿ ಮುಟ್ಟಿಸೋಣ ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವ ರೈತರು ಸುಮ್ನೆ ಕೊಡ್ತಾರೆ?" ನಮ್ಮ ಗುಂಪಿನ ಮೊದಲ ಸಭೆಯಲ್ಲೂ ಇದೇ ಮಾತು ಬಂತು. ಪುಕ್ಕಟೆ ಬೇಡ ಅಂತ ನಾನು ಅವತ್ತೇ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಪುಕ್ಕಟೆ ತರುವ ಏರ್ಪಾಡು ಒಂದೆರಡು ಸಲ ಚೆನ್ನಾಗಿ ನಡೆಯುತ್ತದೆ. ಆಮೇಲೆ ರೈತರು ಫೋನ್ ಎತ್ತುವುದಿಲ್ಲ. ಯಾಕೆ ಎತ್ತಬೇಕು ಹೇಳಿ? ಅವರ ಹೊಲಕ್ಕೆ ಒಂದಷ್ಟು ಜನ ನುಗ್ಗಿ, ಸಾಲು ತುಳಿದು, ಫೋಟೊ ತೆಗೆದುಕೊಂಡು ಹೋದರೆ ಅವರಿಗೆ ಸಿಕ್ಕಿದ್ದೇನು?

ಮೊದಲು ಬೆಳೆ ಹೊಲದಲ್ಲೇ ಯಾಕೆ ಉಳಿಯುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು. ಬೆಲೆ ಬಿದ್ದಾಗ ಕೊಯ್ಲಿನ ಕೂಲಿ, ಕ್ರೇಟು, ಗಾಡಿ ಬಾಡಿಗೆ ಎಲ್ಲ ಸೇರಿದರೆ ಕೈಗೆ ಬರುವ ಹಣಕ್ಕಿಂತ ಖರ್ಚೇ ಜಾಸ್ತಿ. ಕಿತ್ತಷ್ಟೂ ನಷ್ಟ. ಆಗ ಟ್ರ್ಯಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸುವುದೇ ಲೆಕ್ಕಕ್ಕೆ ಸರಿ, ಅದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ. ಇನ್ನೊಂದಷ್ಟು ಬೆಳೆ ಗಾತ್ರ ಸಣ್ಣದು, ಆಕಾರ ಸೊಟ್ಟ ಅಂತ ಖರೀದಿದಾರರು ಬಿಟ್ಟು ಹೋಗಿದ್ದು. ತಿನ್ನಲು ಅದರಲ್ಲಿ ಏನೂ ಕೊರತೆ ಇರುವುದಿಲ್ಲ.

ಹಾಗಾಗಿ ನಾವು ದುಡ್ಡು ಕೊಡುತ್ತೇವೆ, ಎರಡು ರೀತಿಯಲ್ಲಿ. ಉಳಿದ ಬೆಳೆಗೆ ಕೊಯ್ಲಿನ ಕೂಲಿ ಪೂರ್ತಿ, ಅದರ ಮೇಲೆ ಮಾಲಿಗೆ ಅಂತ ಸ್ವಲ್ಪ. ಇದು ಸಣ್ಣ ಭಾಗ. ದೊಡ್ಡ ಭಾಗ ಇನ್ನೊಂದು: ಬಿತ್ತನೆಗೆ ಮೊದಲೇ ಕೂತು ಮಾತಾಡಿ, ಇಷ್ಟು ಸಾಲು ನಮ್ಮದು ಅಂತ ಒಪ್ಪಿ, ಮುಂಗಡ ಕೊಟ್ಟುಬಿಡುವುದು. ಈ ಮುಂಗಡ ಬರುವುದು ಗುಂಪಿನಲ್ಲಿ ಕೈಲಾಗುವ ಮನೆಗಳಿಂದ. ಅವರು ಇಡೀ ಹಂಗಾಮಿನ ತರಕಾರಿಗೆ ಮೊದಲೇ ಹಣ ಕಟ್ಟುತ್ತಾರೆ, ಆ ಹಣದಲ್ಲೇ ಕಟ್ಟಲಾಗದ ಮನೆಗಳ ಪಾಲೂ ಸೇರಿರುತ್ತದೆ. ಇದು ನಮ್ಮ ತಲೆಯಿಂದ ಬಂದದ್ದಲ್ಲ. ಜಪಾನಿನಲ್ಲಿ 1970ರ ದಶಕದಲ್ಲೇ ಮನೆಗಳವರು ನೇರವಾಗಿ ರೈತರ ಜೊತೆ ಕೈಜೋಡಿಸಿ 'ತೇಕೇ' ಅನ್ನುವ ಹೆಸರಿನಲ್ಲಿ ಇಂಥದ್ದನ್ನು ಕಟ್ಟಿದ್ದರು. ಮಳೆ ಕೈಕೊಟ್ಟರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಕೈಕೊಟ್ಟರೆ ಎಲ್ಲರಿಗೂ ಕಡಿಮೆ ಬರುತ್ತದೆ, ಅಷ್ಟೇ. ಇದನ್ನು ಹಣ ತೆಗೆದುಕೊಳ್ಳುವ ಮೊದಲೇ ಬಾಯಿಬಿಟ್ಟು ಹೇಳಿಬಿಡಬೇಕು.

ಇನ್ನು ಹಕ್ಕಲು ಆಯುವ, ಅಂದರೆ ಹೊಲದಲ್ಲಿ ಉಳಿದದ್ದನ್ನು ಕಿತ್ತು ತರುವ ಕೆಲಸ. ಹೊಲದ ಯಜಮಾನರ ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಎಷ್ಟಿದೆ ಅನ್ನುವುದಲ್ಲ. ಔಷಧಿ ಹೊಡೆದು ಎಷ್ಟು ದಿನ ಆಯ್ತು, ಯಾವ ಔಷಧಿ ಅನ್ನುವುದು. ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದು ಅಂತ ಬಾಟಲಿಯ ಚೀಟಿಯಲ್ಲೇ ಬರೆದಿರುತ್ತದೆ. ಆ ಚೀಟಿಯ ಫೋಟೊ ಕಳಿಸಿ ಅಂತ ಕೇಳುತ್ತೇನೆ. ಒಬ್ಬರು "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. "ನಿಮ್ಮ ಮೇಲೆ ಇದೆ ಅಣ್ಣ, ತಿನ್ನೋರಲ್ಲಿ ಚಿಕ್ಕ ಮಕ್ಕಳಿದ್ದಾರೆ" ಅಂದೆ. ಮರುಮಾತಾಡದೆ ಕಳಿಸಿದರು. ದಿನ ಮುಗಿದಿಲ್ಲ ಅಂದರೆ ಎಷ್ಟೇ ಮಾಲಿದ್ದರೂ ಹೋಗುವುದಿಲ್ಲ.

ಹೋಗುವುದು ಬೆಳಗಿನ ಜಾವ. ಬಿಸಿಲಲ್ಲಿ ಕಿತ್ತ ಸೊಪ್ಪು ಮಧ್ಯಾಹ್ನದೊಳಗೆ ಜೋಲು ಬೀಳುತ್ತದೆ, ಆಮೇಲೆ ಎಷ್ಟು ನೀರು ಚಿಮುಕಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ. ನೆಲ ಒದ್ದೆ ಇದ್ದರೆ ಕೆಲಸ ಮುಂದಕ್ಕೆ ಹಾಕುತ್ತೇವೆ, ಜನ ಓಡಾಡಿದ ಕಡೆ ಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಗೆ ತೊಂದರೆ. ಟೊಮೆಟೊ ಕೀಳುವಾಗ ತೊಟ್ಟು ತೆಗೆದೇ ಕ್ರೇಟಿಗೆ ಹಾಕಬೇಕು. ತೊಟ್ಟು ಉಳಿದರೆ ಅದು ಪಕ್ಕದ ಹಣ್ಣಿಗೆ ಚುಚ್ಚುತ್ತದೆ, ಚುಚ್ಚಿದ ಜಾಗದಿಂದ ರಸ ಸೋರುತ್ತದೆ, ಮಾರನೇ ದಿನ ಆ ಮೂಲೆಯ ಹಣ್ಣೆಲ್ಲ ಬೂಷ್ಟು. ಕ್ರೇಟನ್ನು ಬಾಯಿತನಕ ತುಂಬಲೂಬಾರದು, ಒಂದರ ಮೇಲೊಂದು ಇಟ್ಟಾಗ ಭಾರ ಕ್ರೇಟಿನ ಅಂಚಿನ ಮೇಲೆ ಕೂರಬೇಕು, ಹಣ್ಣಿನ ಮೇಲಲ್ಲ. ಹೊಸದಾಗಿ ಬಂದವರು ಉತ್ಸಾಹದಲ್ಲಿ ತುಂಬಿದ್ದೇ ತುಂಬಿದ್ದು. ಅವರ ಹಿಂದೆ ಒಬ್ಬರು ಹಳಬರು ಓಡಾಡುತ್ತಲೇ ಇರಬೇಕು.

ವಿಂಗಡಣೆ ನೆರಳಲ್ಲೇ ಆಗಬೇಕು. ಇವತ್ತೇ ತಿನ್ನಬೇಕಾದ್ದು, ಕೆಲವು ದಿನ ತಡೆಯುವುದು, ದನಕ್ಕೋ ಗೊಬ್ಬರಕ್ಕೋ ಹೋಗುವುದು. ಒಡಕು ಬಿಟ್ಟ ಟೊಮೆಟೊ ಬಗ್ಗೆ ಪ್ರತಿ ಸಲ ಜಗಳ ಆಗುತ್ತದೆ. ಒಡಕು ಒಣಗಿ ಕಂದು ಗೆರೆಯಾಗಿದ್ದರೆ, ಹಣ್ಣು ಗಟ್ಟಿ ಇದ್ದರೆ, ಅವತ್ತಿನ ಅಡುಗೆಗೆ ಇಟ್ಟುಕೊಳ್ಳುತ್ತೇವೆ. ಒಡಕು ಹಸಿಯಾಗಿ ಬೆರಳಿಗೆ ಅಂಟಿದರೆ ಗೊಬ್ಬರದ ರಾಶಿಗೆ. ಹಸಿರು ತಿರುಗಿದ ಆಲೂಗಡ್ಡೆ ಯಾರಿಗೂ ಕೊಡುವುದಿಲ್ಲ, ಅದರಲ್ಲಿ ಸೋಲನೈನ್ ಅನ್ನುವ ವಿಷ ಜಾಸ್ತಿಯಾಗಿರಬಹುದು, ಬೇಯಿಸಿದರೂ ಹೋಗುವಂಥದ್ದಲ್ಲ. ಅದಕ್ಕೇ ಆಲೂಗಡ್ಡೆ ಚೀಲದ ಮೇಲೆ ಬೆಳಕು ಬೀಳದ ಹಾಗೆ ಮುಚ್ಚಿಡುತ್ತೇವೆ. ಮಾಗಿದ ಬಾಳೆಹಣ್ಣು, ಟೊಮೆಟೊ ಪಕ್ಕ ಸೊಪ್ಪು ಇಡಬೇಡಿ. ಆ ಹಣ್ಣುಗಳು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿ ಬೀಳುತ್ತದೆ.

ಹಂಚುವ ವಿಷಯದಲ್ಲಿ ನನಗೆ ಒಂದೇ ಹಟ. ಚೀಲ ಕಟ್ಟಿ ಕೈಗೆ ಕೊಡುವುದು ಬೇಡ. ಮೇಜಿನ ಮೇಲೆ ಹರಡಿ, ಬಂದವರು ತಾವೇ ಆರಿಸಿಕೊಳ್ಳಲಿ. ಒಂದೇ ಒಲೆ ಇರುವ ಮನೆಗೆ ಬೇಯಲು ಒಂದು ಗಂಟೆ ಬೇಕಾದ ಗಡ್ಡೆ ಕೊಟ್ಟರೆ ಅದು ಮೂಲೆ ಸೇರುತ್ತದೆ. ಫ್ರಿಜ್ ಇಲ್ಲದವರಿಗೆ ಇಡೀ ಕುಂಬಳಕಾಯಿ ಹೊರಿಸಿ ಏನು ಪ್ರಯೋಜನ, ಹೋಳು ಮಾಡಿ ಕೊಡಬೇಕು. ಹಾಗೆ ಕತ್ತರಿಸಿದ್ದನ್ನು ಅವತ್ತೇ ಬೇಯಿಸಿ ಅಂತ ಹೇಳಬೇಕು. ಸಂಬಳ ಎಷ್ಟು, ಮನೇಲಿ ಎಷ್ಟು ಜನ ಅಂತ ಅರ್ಜಿ ಬರೆಸುವುದಿಲ್ಲ. ಉಳ್ಳವರು ಬಂದು ಒಯ್ದುಬಿಟ್ಟರೆ ಅಂತ ಕೆಲವರಿಗೆ ಆತಂಕ. ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಂತು ಸೊಟ್ಟ ಮೂಲಂಗಿ ಒಯ್ಯುವ ಶ್ರೀಮಂತರನ್ನು ನಾನಂತೂ ಇನ್ನೂ ನೋಡಿಲ್ಲ. ಸಮಯ ಮಾತ್ರ ಸಂಜೆಯೇ ಇರಲಿ, ಹಗಲಲ್ಲಿ ಕೂಲಿ ಬಿಟ್ಟು ಬರಲಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೆ ಹಸಿವು ಹೋಗುತ್ತಾ? ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು. ಅದೇ ವಿಶ್ವಸಂಸ್ಥೆಯ ಇನ್ನೊಂದು ಲೆಕ್ಕದ ಪ್ರಕಾರ 2022ರಲ್ಲಿ ಮನೆ, ಹೋಟೆಲ್, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ ನೂರಕ್ಕೆ ಸುಮಾರು 60 ಪಾಲು ಮನೆಗಳದ್ದೇ. ಅಂದರೆ ಊಟ ಇಲ್ಲ ಅಂತಲ್ಲ, ಕೊಳ್ಳಲು ದುಡ್ಡಿಲ್ಲ. ಫ್ರಾನ್ಸ್ 2016ರಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳು ತಿನ್ನಲು ಯೋಗ್ಯವಾದ ಮಾಲನ್ನು ಹಾಳು ಮಾಡಬಾರದು ಅಂತ ಕಾನೂನು ಮಾಡಿತು. ಒಳ್ಳೆಯದೇ, ಆದರೆ ಅದರಿಂದ ರೈತರ ಜೇಬಿಗೆ ಏನೂ ಬೀಳುವುದಿಲ್ಲ. ನನಗೆ ಇಷ್ಟವಾದದ್ದು ಬ್ರೆಜಿಲ್ ದಾರಿ. ಅಲ್ಲಿ ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ನೂರಕ್ಕೆ ಕನಿಷ್ಠ 30 ಪಾಲನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚು ಮಾಡಬೇಕು ಅಂತ 2009ರ ಕಾನೂನೇ ಹೇಳಿತು. ಮಕ್ಕಳಿಗೂ ಊಟ, ರೈತರಿಗೂ ಖಾತ್ರಿ ಗಿರಾಕಿ.

ಕಾನೂನು ಮಾಡುವುದು ನಮ್ಮ ಕೈಲಿಲ್ಲ, ಆದರೆ ದೊಡ್ಡ ಅಡುಗೆಮನೆ ಇರುವ ಕಡೆ ಹೋಗಿ ಕೇಳಬಹುದಲ್ವಾ. ಈಗ ಒಂದು ಹಾಸ್ಟೆಲಿನವರ ಜೊತೆ ಮಾತುಕತೆ ನಡೆಯುತ್ತಿದೆ. ಅವರಿಗೆ ವಾರ ವಾರ ಅದೇ ತರಕಾರಿ ಅಷ್ಟೇ ತೂಕ ಬೇಕು, ಹೊಲ ಹಾಗೆ ಕೊಡುವುದಿಲ್ಲ. ಪಟ್ಟಿಯಲ್ಲಿ ತರಕಾರಿಯ ಹೆಸರು ಬರೆಯದೆ "ಸೊಪ್ಪು ಇಷ್ಟು, ಕಾಯಿ ಇಷ್ಟು, ಗಡ್ಡೆ ಇಷ್ಟು" ಅಂತ ಮಾತ್ರ ಬರೆಯೋಣ ಅಂತ ನಾವು ಹೇಳಿದ್ದೇವೆ. ಅಡುಗೆಯವರು ತಕ್ಷಣ ಒಪ್ಪಿದರು. ಲೆಕ್ಕಪತ್ರ ನೋಡುವವರು ಇನ್ನೂ ಒಪ್ಪಿಲ್ಲ.